ಒಂದನ್ನು ಬಿಟ್ಟು ಇನ್ನೊಂದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬಂದ ಆಂಪ್ಲಿಫೈಯರ್ ಲೇಖನ ಓದಿದೆ. ಲೋಕಲ್ ಫೀಡ್‌ಬ್ಯಾಕ್ ಒಳ್ಳೆಯದು, ಗ್ಲೋಬಲ್ ಫೀಡ್‌ಬ್ಯಾಕ್ ಹಾಡಿನ ಜೀವ ತೆಗೆಯುತ್ತದೆ ಎಂದು ಅದರಲ್ಲಿದೆ. ಮೂವತ್ತು ವರ್ಷದಿಂದ ಆಂಪ್ಲಿಫೈಯರ್ ಕಟ್ಟುತ್ತಿರುವ ನನಗೆ ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

ಫೀಡ್‌ಬ್ಯಾಕ್ ಎಂದರೆ ಹೊರಬರುವ ಸಿಗ್ನಲಿನ ಒಂದು ಪಾಲನ್ನು ಹಿಂದಕ್ಕೆ ತಂದು ತಪ್ಪು ತಿದ್ದುವುದು. ಟ್ರಾನ್ಸಿಸ್ಟರಿನ ಎಮಿಟರ್ ಕಾಲಿಗೆ ಒಂದು ರೆಸಿಸ್ಟರ್ ಹಾಕಿದರೆ ಅದು ಲೋಕಲ್. ಆ ಒಂದು ಹಂತವನ್ನಷ್ಟೇ ತಿದ್ದುತ್ತದೆ. ಸ್ಪೀಕರಿಗೆ ಹೋಗುವ ಸಿಗ್ನಲಿನ ಒಂದು ಪಾಲನ್ನು ಮೊದಲ ಹಂತಕ್ಕೆ ವಾಪಸ್ ತಂದರೆ ಅದು ಗ್ಲೋಬಲ್. ನಡುವೆ ಇರುವುದನ್ನೆಲ್ಲ ತಿದ್ದುತ್ತದೆ.

ಒಮ್ಮೆ ನಾನು ಗ್ಲೋಬಲ್ ಫೀಡ್‌ಬ್ಯಾಕ್ ಇನ್ನೂ ಜಾಸ್ತಿ ಸಿಗಲಿ ಎಂದು ಇನ್‌ಪುಟ್ ಜೋಡಿಯ (ಮೊದಲ ಹಂತದ ಎರಡು ಟ್ರಾನ್ಸಿಸ್ಟರುಗಳ) ಎರಡು 100 ಓಮ್ ಎಮಿಟರ್ ರೆಸಿಸ್ಟರುಗಳನ್ನು ತೆಗೆದುಬಿಟ್ಟೆ. ಹಾಡು ಹಾಕುವ ಮೊದಲೇ ಹೀಟ್‌ಸಿಂಕ್ ಕಾದು ಹೋಯಿತು. ಟ್ವೀಟರ್ ಸುಟ್ಟಿತು. ಕಿವಿಗೆ ಮಾತ್ರ ಏನೂ ಕೇಳಿಸಲಿಲ್ಲ. ಸ್ಕೋಪ್ ಹಚ್ಚಿ ನೋಡಿದರೆ ಮೆಗಾಹರ್ಟ್ಸ್‌ನಲ್ಲಿ ಆಸಿಲೇಷನ್, ಅಂದರೆ ಸಿಗ್ನಲ್ ಇಲ್ಲದೆ ಆಂಪ್ಲಿಫೈಯರ್ ತಾನೇ ಕಂಪಿಸುವುದು! ಒಂದು ಮಿಲಿಆಂಪಿಯರ್ ಹರಿಯುವ ಟ್ರಾನ್ಸಿಸ್ಟರಿಗೆ ತನ್ನದೇ ಎಮಿಟರ್ ರೋಧ ಸುಮಾರು 26 ಓಮ್ ಇರುತ್ತದೆ. ಹೊರಗಿನ 100 ಓಮ್ ಹೋದ ಮೇಲೆ ಆ ಹಂತದ ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ಹತ್ತಿರ ಹತ್ತಿರ ಐದು ಪಟ್ಟಾಯಿತು. ಫ್ರೀಕ್ವೆನ್ಸಿ ಏರಿದಂತೆ ಗೇನ್ ಇಳಿಸುವ ಮಿಲ್ಲರ್ ಕೆಪಾಸಿಟರ್ ಮಾತ್ರ ಹಳೆಯ 100 ಪಿಕೋಫ್ಯಾರಡ್ಡೇ. ಸುಮಾರು 600 ಕಿಲೋಹರ್ಟ್ಸ್‌ನಲ್ಲಿ ಮುಗಿಯಬೇಕಿದ್ದ ಲೂಪ್ ಗೇನ್ (ಫೀಡ್‌ಬ್ಯಾಕ್ ಸುತ್ತಿನ ಒಟ್ಟು ಗೇನ್) 3 ಮೆಗಾಹರ್ಟ್ಸ್‌ವರೆಗೆ ಉಳಿಯಿತು. ಔಟ್‌ಪುಟ್ ಟ್ರಾನ್ಸಿಸ್ಟರುಗಳಿಗೆ ಅಷ್ಟು ವೇಗ ಎಲ್ಲಿಂದ ಬರಬೇಕು? ಅಲ್ಲಿಗೆ ಬರುವಷ್ಟರಲ್ಲಿ ಸಿಗ್ನಲ್ ತಡವಾಗಿ ಅದರ ಫೇಸ್, ಅಂದರೆ ಏರಿಳಿತ, ತಿರುಗಿ, ತಿದ್ದಬೇಕಾದ ಫೀಡ್‌ಬ್ಯಾಕೇ ಕುಣಿಸುವ ಫೀಡ್‌ಬ್ಯಾಕ್ ಆಯಿತು. ಆ ಎರಡು ರೆಸಿಸ್ಟರುಗಳನ್ನು ವಾಪಸ್ ಹಾಕಿದೆ, ಎಲ್ಲ ತಣ್ಣಗಾಯಿತು. ಗ್ಲೋಬಲ್ ಲೂಪ್ ನೆಟ್ಟಗೆ ನಿಂತಿದ್ದೇ ಲೋಕಲ್ ಫೀಡ್‌ಬ್ಯಾಕಿನ ಆಸರೆಯಲ್ಲಿ.

ಫೀಡ್‌ಬ್ಯಾಕ್ ಹೊಸ ಹಾರ್ಮೋನಿಕ್‌ಗಳನ್ನು (ಮೂಲ ಸ್ವರದ ಎರಡು, ಮೂರು ಪಟ್ಟು ಹೀಗೆ ಫ್ರೀಕ್ವೆನ್ಸಿಯ ಬೇಡದ ಸ್ವರಗಳನ್ನು) ಹುಟ್ಟಿಸುತ್ತದೆ ಎಂಬ ಲೇಖಕರ ಮಾತು ಸುಳ್ಳಲ್ಲ. ಬ್ರಿಟಿಷ್ ಆಡಿಯೋ ಇಂಜಿನಿಯರ್ ಪೀಟರ್ ಬ್ಯಾಕ್ಸಂಡಾಲ್ 1978ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಆದರೆ ಪೂರ್ತಿ ಮಾತು ಹೇಳಬೇಕಲ್ವಾ? ಫೀಡ್‌ಬ್ಯಾಕ್ ಕಡಿಮೆ ಇದ್ದಾಗ ಮೇಲಿನ ಹಾರ್ಮೋನಿಕ್‌ಗಳು ಏರುತ್ತವೆ, ಸಾಕಷ್ಟು ಹಾಕಿದರೆ ಅವೂ ಇಳಿಯುತ್ತವೆ. ಎಮಿಟರ್ ರೆಸಿಸ್ಟರಿಗೂ ಇದೇ ಲೆಕ್ಕ. ಲೋಕಲ್ ಎಂದ ಮಾತ್ರಕ್ಕೆ ವಿನಾಯಿತಿ ಇಲ್ಲ. ಅಳುಕುತ್ತಾ ಅರೆಬರೆ ಫೀಡ್‌ಬ್ಯಾಕ್ ಹಾಕಿದ ಆಂಪ್ಲಿಫೈಯರುಗಳೇ ನನ್ನ ಕಿವಿಗೆ ಒರಟಾಗಿ ಕೇಳಿಸಿವೆ.

ಲೇಖಕರು ತಮ್ಮ ಮೆಚ್ಚಿನ ಸರ್ಕಿಟ್ಟನ್ನು ಇನ್ನೊಮ್ಮೆ ನೋಡಲಿ. ಅದರಲ್ಲಿರುವ ಮಿಲ್ಲರ್ ಕೆಪಾಸಿಟರ್ ಒಂದೇ ಹಂತದ ಸುತ್ತ ಇರುವುದರಿಂದ ಅದು ಕೂಡ ಲೋಕಲ್ ಫೀಡ್‌ಬ್ಯಾಕೇ. ಫ್ರೀಕ್ವೆನ್ಸಿ ಏರಿದಂತೆ ಗ್ಲೋಬಲ್ ಲೂಪಿನ ಗೇನನ್ನು ಅದು ಮೆಲ್ಲಗೆ ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಗೆರೆ ಎಳೆದು ತೋರಿಸುವುದು ಅಷ್ಟು ಸುಲಭವಲ್ಲ.

ಇಂತಿ,
ಆಂಪ್ಲಿಫೈಯರ್ ಕಟ್ಟುವ ಒಬ್ಬ ಓದುಗ