ಹಿಂದಿನ ಬೆಂಚಿನಲ್ಲಿ ಕೂತವನು

ಪ್ರೀತಿಯ ದೋಸ್ತ,

ಮೊನ್ನೆ ನೀನು ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ. ನನಗೇನೂ ಬೇಜಾರಿಲ್ಲ. ಆ ಕೊಲೆಯ ಸುದ್ದಿ ಓದಿದ ದಿನ ನನಗೂ ಊಟ ಸೇರಲಿಲ್ಲ. ಆದರೆ ನೀನು ಕೇಳಿದ ಎರಡು ಮಾತು ಇನ್ನೂ ತಲೆಯಲ್ಲೇ ಇವೆ. "ನಿಮ್ಮ ಬೆಳಗಾವಿಯಾಗ ಗಲ್ಲುಗಂಬ ಐತಿ, ಮತ್ಯಾಕ ಸುಮ್ನ ಇಟ್ಕೊಂಡು ಕೂತಾರ?" ಇದು ಒಂದು. "ಕೊಂದವನು ಮೊಣಕಾಲೂರಿ ಅತ್ತರೆ ನಿಮ್ಮ ಯೇಸು ಬಿಟ್ಟುಬಿಡ್ತಾನಾ? ಸತ್ತವನ ಪರವಾಗಿ ಯಾರು ಕೇಳೋರು?" ಇದು ಇನ್ನೊಂದು.

ಫೋನಿನಲ್ಲಿ ಹೇಳಲು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಕಡೆ ಯಾಕೆ ಹಾಕುತ್ತೀ ಅಂತ ಕೇಳಬೇಡ. ಇದೇ ಪ್ರಶ್ನೆ ಕೇಳುವವರು ಬಹಳ ಜನ ಇದ್ದಾರೆ.

ಮೊದಲನೆಯದಕ್ಕೆ ಉತ್ತರ ಸುಲಭ. ಹಿಂಡಲಗಾ ಜೈಲಿನಲ್ಲಿ ಗಲ್ಲುಗಂಬ ಇರುವುದು ನಿಜ. ಅಲ್ಲಿ ಕೊನೆಯದಾಗಿ ಒಬ್ಬನನ್ನು ಗಲ್ಲಿಗೇರಿಸಿದ್ದು 1983ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ, 1980ರ ಬಚನ್ ಸಿಂಗ್ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು. ಕೊಲೆಗೆ ಸಾಮಾನ್ಯವಾಗಿ ಜೀವಾವಧಿ. ಗಲ್ಲು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ. ಜೀವಾವಧಿ ಅಂದರೆ 14 ವರ್ಷ ಅಂತ ನೀನೂ ಅಂದುಕೊಂಡಿರುವೆ, ಅಲ್ವಾ? ಹಾಗಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಕೊನೆಯುಸಿರಿನ ತನಕ. 14 ವರ್ಷ ಒಳಗೆ ಕಳೆದ ಮೇಲೆ ಸನ್ನಡತೆ ನೋಡಿ ಸರ್ಕಾರ ಬಿಡಬಹುದು. ಬಿಡಲೇಬೇಕು ಅಂತ ಇಲ್ಲ.

ಇದನ್ನೆಲ್ಲ ನಾನು ಯಾಕೆ ಇಷ್ಟು ತಿಳಿದುಕೊಂಡೆ ಅಂತ ನಿನಗೆ ಗೊತ್ತು. ಮಾಮಾನ ಮಣ್ಣಿಗೆ ನೀನೂ ಬಂದಿದ್ದೆ.

2003. ಗುಳೇದಗುಡ್ಡದ ಹತ್ತಿರ ಅಜ್ಜನ ಊರು. ಒಂದು ಬದುವಿನ ಸಲುವಾಗಿ ಪಕ್ಕದ ಹೊಲದವನು ಮಾಮಾನನ್ನು ಕೊಡಲಿಯಿಂದ ಕಡಿದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನಿಗೆ ಜೀವಾವಧಿ ಆಯಿತು. ಹಿಂಡಲಗಾಕ್ಕೆ ತಂದರು. ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ನಮ್ಮ ಚರ್ಚಿನ ಹುಡುಗರು ಕ್ರಿಸ್‌ಮಸ್ ಸಮಯದಲ್ಲಿ ಜೈಲಿಗೆ ಹೋಗಿ ಹಾಡು ಹೇಳಿ ಕೇಕ್ ಕೊಟ್ಟು ಬರುತ್ತಿದ್ದರು. ಪ್ರತಿ ಸಲ ನನಗೆ ಏನಾದರೂ ಒಂದು ಕೆಲಸ ಬಂದುಬಿಡುತ್ತಿತ್ತು.

ನಿನಗೆ ಹೇಳದೆ ಇದ್ದದ್ದು ಇದು. ಅವನು ಹೊರಗೆ ಬಂದಿದ್ದಾನೆ. ಊರಿಗೆ ಹೋಗಲಿಲ್ಲ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ರಾತ್ರಿ ವಾಚ್‌ಮನ್. ಎರಡು ತಿಂಗಳ ಹಿಂದೆ ನಮ್ಮ ಕನ್ನಡ ಆರಾಧನೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಜೈಲಿಗೆ ಬರುತ್ತಿದ್ದವರಿಂದ ಸತ್ಯವೇದ ಓದಲು ಕಲಿತನಂತೆ. ನಾವು ಅದೇ ಚರ್ಚಿನವರು ಅಂತ ಅವನಿಗೆ ಗೊತ್ತಿರಲಿಲ್ಲ. ಅವ್ವ ಅವನನ್ನು ಗುರುತು ಹಿಡಿದಳು. ಆರಾಧನೆ ಮುಗಿದ ಮೇಲೆ ನೆಟ್ಟಗೆ ಅವನ ಹತ್ತಿರ ಹೋದಳು. ಅವನು ಚಪ್ಪಲಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ತಮ್ಮನನ್ನು ಕೊಂದವನಿಗೆ ಅವ್ವ ಕೇಳಿದ ಮೊದಲ ಮಾತು ಏನು ಗೊತ್ತಾ? "ಉಂಡಿಯೇನೋ?"

ನಿನ್ನ ಎರಡನೇ ಪ್ರಶ್ನೆಗೆ ಇಷ್ಟನ್ನೇ ಬರೆದು ಮುಗಿಸಿದ್ದರೆ ಪತ್ರ ಚೆಂದ ಇರುತ್ತಿತ್ತು.

ಸತ್ತವನ ಪರವಾಗಿ ಯಾರು ಕೇಳೋರು ಅಂದೆ. ಬೈಬಲಿನ ಮೊದಲ ಕೊಲೆಯಲ್ಲಿ ಕೇಳುವವನು ದೇವರೇ. ನಿನ್ನ ತಮ್ಮ ಎಲ್ಲಿ ಅಂತ, ತಮ್ಮನನ್ನು ಕೊಂದ ಕಾಯಿನನನ್ನು ಕೇಳುತ್ತಾನೆ. ಅವನ ರಕ್ತ ನೆಲದೊಳಗಿಂದ ಕೂಗುತ್ತಿದೆ ಅನ್ನುತ್ತಾನೆ. ಶಿಕ್ಷೆಯನ್ನೂ ಕೊಡುತ್ತಾನೆ. ಅದೇ ಕೈಯಿಂದ ಕಾಯಿನನ ಮೇಲೆ ಒಂದು ಗುರುತು ಇಡುತ್ತಾನೆ, ಯಾರೂ ಅವನನ್ನು ಕೊಲ್ಲದ ಹಾಗೆ. ಚಿಕ್ಕವನಿದ್ದಾಗ ಸಂಡೇ ಸ್ಕೂಲಿನಲ್ಲಿ ಆ ಗುರುತನ್ನು ನಾನು ಬರೀ ಶಾಪ ಅಂದುಕೊಂಡಿದ್ದೆ. ಅದು ಕಾವಲು.

ಗ್ಲಾಡಿಸ್ ಸ್ಟೇನ್ಸ್ ನೆನಪಿದೆಯಾ? 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ, ಮಿಷನರಿ ಗ್ರಹಾಂ ಮತ್ತು ಇಬ್ಬರು ಗಂಡುಮಕ್ಕಳನ್ನು ಗಾಡಿಯೊಳಗೆ ಸುಟ್ಟರು. ಫಿಲಿಪ್‌ಗೆ 10 ವರ್ಷ, ತಿಮೋತಿಗೆ 6. ಆ ತಾಯಿ ಕ್ಷಮಿಸಿದೆ ಅಂದರು. ಹಾಗಂತ ಕೇಸು ನಿಲ್ಲಲಿಲ್ಲ. ಮುಖ್ಯ ಅಪರಾಧಿಗೆ 2003ರಲ್ಲಿ ಕೆಳಗಿನ ಕೋರ್ಟು ಗಲ್ಲು ಕೊಟ್ಟಿತು. 2005ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಉಳಿಸಿತು. ಆ ತಾಯಿಯ ಕ್ಷಮೆ ಜೈಲಿನ ಬಾಗಿಲು ತೆಗೆಯಲಿಲ್ಲ. ಹಾಗಾದರೆ ಕ್ಷಮೆ ಏನು ಮಾಡಿತು ಅಂತ ನೀನು ಕೇಳುತ್ತೀ.

ಅದಕ್ಕೆ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ರಾಣಿ ಮರಿಯಾ ಅವರ ಕಥೆ ಹೇಳಬೇಕು. ಕೇರಳದವರು, ಮಧ್ಯಪ್ರದೇಶದಲ್ಲಿ ಬಡ ರೈತರ ನಡುವೆ ಕೆಲಸ ಮಾಡುತ್ತಿದ್ದರು. 1995ರ ಫೆಬ್ರವರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಸಮಂದರ್ ಸಿಂಗ್ ಅನ್ನುವವನು ಅವರನ್ನು ಚಾಕುವಿನಿಂದ ಇರಿದು ಕೊಂದ. 2002ರಲ್ಲಿ ಅವರ ಸ್ವಂತ ತಂಗಿ, ಅವರೂ ಸಿಸ್ಟರ್, ಜೈಲಿಗೆ ಹೋಗಿ ಅದೇ ಕೈಗೆ ರಾಖಿ ಕಟ್ಟಿದರು. ಆ ಮನೆಯವರೇ ಅವನ ಬಿಡುಗಡೆಗೆ ಕೇಳಿಕೊಂಡರು. 2006ರಲ್ಲಿ ಹೊರಬಂದ. 2017ರ ನವೆಂಬರ್‌ನಲ್ಲಿ ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರು ಅಂತ, ಅಂದರೆ ಸಂತ ಪದವಿಯ ಹಿಂದಿನ ಮೆಟ್ಟಿಲಿಗೆ, ಕ್ಯಾಥೋಲಿಕ್ ಚರ್ಚು ಸಾರಿದಾಗ ಅವನೂ ಆ ಜನರ ನಡುವೆ ಇದ್ದ.

ಇರಿದ ಕೈಗೆ ರಾಖಿ. ಇದನ್ನು ನಾನು ಯುವಕರ ಕೂಟದಲ್ಲಿ ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲ ಯಾರಾದರೂ ಒಬ್ಬರು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಈಗ ನನ್ನನ್ನು ಕಾಡುವುದು ಬೈಬಲಿನ ಸ್ತೆಫನನ ಮನೆಯವರು. ಯೇಸುವನ್ನು ನಂಬಿದ್ದಕ್ಕೆ ಜೀವ ಕೊಟ್ಟವನು ಅವನು. ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಕೊಲ್ಲುವವರ ಬಟ್ಟೆ ಕಾಯುತ್ತಾ ನಿಂತವನು ಸೌಲ. ಆ ಸೌಲನೇ ಮುಂದೆ ಯೇಸುವನ್ನು ನಂಬಿ ಪೌಲನಾದ. ಅವನು ಯೆರೂಸಲೇಮಿಗೆ ಬಂದಾಗ ಅಲ್ಲಿನ ಶಿಷ್ಯರು ಹೆದರಿದರು, ನಂಬಲಿಲ್ಲ. ಬಾರ್ನಬ ಕರೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಬೇಕಾಯಿತು. ಸ್ತೆಫನನಿಗೆ ತಾಯಿ ಇದ್ದಳೋ, ಅಕ್ಕನ ಮಗ ಇದ್ದನೋ, ಬೈಬಲ್ ಹೇಳುವುದಿಲ್ಲ. ಇದ್ದಿದ್ದರೆ ಆ ದಿನ ಅವರು ಎಲ್ಲಿ ಕೂತಿದ್ದರು? ರೊಟ್ಟಿ ಮುರಿದು ಪೌಲನ ಕೈಗೆ ದಾಟಿಸಿದವರು ಯಾರು?

ಎರಡು ತಿಂಗಳಿಂದ ನಾನು ಪ್ರಭುಭೋಜನ, ಅಂದರೆ ಯೇಸುವಿನ ನೆನಪಿಗೆ ಚರ್ಚಿನಲ್ಲಿ ಎಲ್ಲರೂ ಹಂಚಿಕೊಳ್ಳುವ ರೊಟ್ಟಿ ಮತ್ತು ದ್ರಾಕ್ಷಾರಸ, ತೆಗೆದುಕೊಂಡಿಲ್ಲ. ಮಾಮಾನ ದುಃಖ ಇನ್ನೂ ಆರಿಲ್ಲ ಅಂತ ಎಲ್ಲರೂ ತಿಳಿದಿದ್ದಾರೆ. ಪಾಸ್ಟರ್ ಹೆಗಲ ಮೇಲೆ ಕೈಯಿಟ್ಟು, "ಕ್ಷಮಿಸೋಕೆ ಟೈಮ್ ಬೇಕು ತಮ್ಮಾ" ಅಂದರು. ನಾನು ಹೂಂ ಅಂದೆ.

ಅದು ಸುಳ್ಳು, ದೋಸ್ತ. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ.

2014ರಲ್ಲಿ ಅವನು ಪೆರೋಲ್ ಕೇಳಿದ್ದ. ಅವನ ತಾಯಿ ಹಾಸಿಗೆ ಹಿಡಿದಿದ್ದಳು. ಸತ್ತವರ ಮನೆಯವರನ್ನು ವಿಚಾರಿಸಲು ಒಬ್ಬ ಪೊಲೀಸ ಬಂದ. ಆ ದಿನ ನಾನು ಮಾಮಾನ ಮನೆಯಲ್ಲೇ ಇದ್ದೆ. ಮಾಮಿ ಹೊಲಕ್ಕೆ ಹೋಗಿದ್ದಳು. ಅವನು ಬಂದರೆ ನಿಮಗೇನಾದರೂ ತೊಂದರೆ ಇದೆಯಾ ಅಂತ ಕೇಳಿದ. ಇದೆ ಅಂದೆ. ನಮ್ಮ ಜೀವಕ್ಕೆ ಅಪಾಯ ಇದೆ, ಅವನ ಕಡೆಯವರು ಬೆದರಿಸಿದ್ದಾರೆ ಅಂತ ಜಬಾಬು ಬರೆಸಿದೆ. ಸಹಿ ಮಾಡಿದೆ. ಯಾರೂ ಬೆದರಿಸಿರಲಿಲ್ಲ. ಅವನ ಕಡೆಯವರು ಅಂದರೆ ಆ ಮುದುಕಿ ಒಬ್ಬಳೇ. ಸಂಜೆ ಮಾಮಿ ಬಂದು ಏನಂತೆ ಅಂದಳು. "ಏನಿಲ್ಲ, ಸುಮ್ನೆ ವಿಚಾರಿಸಿ ಹೋದರು" ಅಂದೆ.

ಪೆರೋಲ್ ಸಿಗಲಿಲ್ಲ. ನನ್ನ ಮಾತಿನಿಂದಲೇ ಅಂತ ಹೇಳಲಾರೆ. ಆದರೆ ಆ ಮುದುಕಿ ಸತ್ತಳು ಅಂತ ಕೇಳಿದ ದಿನ ನನಗೆ ಸಮಾಧಾನ ಆಗಿತ್ತು. ಇದನ್ನು ಬರೆಯುವಾಗ ಕೈ ನಡುಗುತ್ತಿದೆ. ಮಾಮಾನಿಗೆ ನ್ಯಾಯ ಸಿಕ್ಕಿತು ಅಂದುಕೊಂಡಿದ್ದೆ. ಕೋರ್ಟು ಕೊಟ್ಟ ಶಿಕ್ಷೆ ಸರಿಯಾಗಿಯೇ ಇತ್ತು. ಅದರ ಮೇಲೆ ನಾನೊಂದಿಷ್ಟು ಹಾಕಿದೆ, ಕಾನೂನಿನ ಕಾಗದದ ಮೇಲೆಯೇ. ಸೇಡು ನನ್ನದು ಅಂತ ದೇವರು ಹೇಳಿದ ಮಾತನ್ನು ಪೌಲ ರೋಮದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ನೆನಪಿಸುತ್ತಾನೆ. ಆಳುವವನು ಕತ್ತಿಯನ್ನು ಸುಮ್ಮನೆ ಹಿಡಿದಿಲ್ಲ ಅನ್ನುವುದು 13ರಲ್ಲಿದೆ. ಎರಡೂ ಒಂದೇ ಪತ್ರ, ಪಕ್ಕಪಕ್ಕದ ಪುಟ. ನಾನು 13ರ ಕತ್ತಿಯನ್ನು ತೆಗೆದುಕೊಂಡು 12ರ ಸೇಡು ತೀರಿಸಿಕೊಂಡೆ.

ಹೋದ ವಾರ ಅವ್ವ ರೊಟ್ಟಿ ಬಡಿಯುತ್ತಾ ಹೇಳಿದಳು. "ಪಾಪ, ಅವ್ವಗ ಮಣ್ಣು ಕೊಡಾಕೂ ಬಿಡ್ಲಿಲ್ಲಂತ ಅವನ್ನ. ಯಾರೋ ಬ್ಯಾಡ ಅಂತ ಬರಸಿದ್ರಂತ." ಯಾರು ಅಂತ ಅವನಿಗೆ ಗೊತ್ತಿಲ್ಲ. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ನಾಲ್ಕು ದಿನ ಒದ್ದಾಡಿ ನಿನ್ನೆ ಅವ್ವನಿಗೆ ಹೇಳಿದೆ. ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು. ಬಹಳ ಹೊತ್ತಾದ ಮೇಲೆ ಅಂದಳು: "ನನ್ನ ಮುಂದ ಯಾಕ ಹೇಳ್ತಿ? ಅವನ ಮುಂದ ಹೋಗಿ ಹೇಳು."

ಕಾಣಿಕೆಯನ್ನು ಅಲ್ಲೇ ಇಟ್ಟು ಮೊದಲು ಹೋಗಿ ಸಹೋದರನ ಹತ್ತಿರ ರಾಜಿ ಮಾಡಿಕೋ ಅಂತ ಯೇಸು ಹೇಳಿದ್ದು ಇಂಥ ದಿನಕ್ಕೇ ಇರಬೇಕು. ಇಷ್ಟು ವರ್ಷ ಅವನನ್ನು ಕ್ಷಮಿಸಬೇಕಾ ಬೇಡವಾ ಅಂತ ತೂಗುತ್ತಿದ್ದೆ. ಈಗ ಅವನು ನನ್ನನ್ನು ಕ್ಷಮಿಸಬೇಕು. ಇಲ್ಲ ಅಂದರೆ ಇಲ್ಲ ಅನ್ನುವ ಹಕ್ಕು ಅವನಿಗಿದೆ.

ಸಾಕು. ಜಾಸ್ತಿಯೇ ಬರೆದೆ. ಇಲ್ಲಿ ಮಳೆ ಹಿಡಿದಿದೆ, ನಾಲ್ಕು ದಿನದಿಂದ ಬಟ್ಟೆ ಒಣಗಿಲ್ಲ. ಶನಿವಾರ ನೀನು ವಿಜಯಪುರದಿಂದ ಬಾ. ಅವ್ವ ನಿನಗೆ ಶೇಂಗಾ ಹೋಳಿಗೆ ಮಾಡುತ್ತೇನೆ ಅಂದಿದ್ದಾಳೆ, ನಾನು ಕುಂದಾ ತಂದಿಡುತ್ತೇನೆ.

ಅವನ ಡ್ಯೂಟಿ ರಾತ್ರಿ ಎಂಟಕ್ಕೆ ಶುರು. ಏಳೂವರೆಗೆ ಮನೆ ಬಿಟ್ಟರೆ ಸಾಕು. ಗಾಡಿ ನೀನೇ ಹೊಡಿ. ಫೌಂಡ್ರಿ ಗೇಟಿನ ಎದುರು ಒಂದು ಚಹಾದಂಗಡಿ ಇದೆ, ನೀನು ಅಲ್ಲೇ ಕೂತಿರು.

ನಿನ್ನ
ದೋಸ್ತ