ಎರಡು ಸೆಂಟಿಮೀಟರ್ ಕಡಿಮೆ ಇದ್ದ ಹುಡುಗ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬಂತು. ಇನ್ನೆರಡು ತಿಂಗಳು ನಮಗೆ ಕೂರಲೂ ಪುರಸೊತ್ತಿರುವುದಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ನಾನು ಮೈಸೂರು ರಸ್ತೆಯ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಆರು ವರ್ಷದಿಂದ ಗೆಸ್ಟ್ ಸರ್ವಿಸ್, ಅಂದರೆ ಬಂದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮೊದಲು ಲಾಕರ್ ಕೌಂಟರಿನಲ್ಲಿದ್ದೆ. ಈಗ ದೊಡ್ಡ ರೈಡ್ ಒಂದರ ಬಾಗಿಲಲ್ಲಿ, ಎತ್ತರ ಅಳೆಯುವ ಕಂಬದ ಪಕ್ಕ ನಿಲ್ಲುತ್ತೇನೆ.

ಮೊನ್ನೆ ಒಂದು ಬೀಗರ ಊಟದಲ್ಲಿ ನಮ್ಮ ಸೋದರತ್ತೆ ಕೇಳಿದರು, "ಅಲ್ಲೇನವ್ವಾ ಮಾಡ್ತೀಯಾ, ಸುಮ್ನೆ ನಿಂತ್ಕೊಂಡಿರೋದು ತಾನೆ?" ಅಷ್ಟರಲ್ಲಿ ಬಡಿಸುವವರು ಬಂದರು, ಮಾತು ಅಲ್ಲಿಗೇ ನಿಂತಿತು. ಆದರೆ ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು.

ಇದಕ್ಕೂ ಮೊದಲು ನಾನು ಗಾರ್ಮೆಂಟ್ಸ್‌ನಲ್ಲಿದ್ದೆ. ಒಂಬತ್ತು ವರ್ಷ ಬರೀ ಕಾಲರ್ ಹೊಲಿದೆ. ಗಂಟೆಗಿಷ್ಟು ಪೀಸ್ ಅಂತ ಲೆಕ್ಕ. ಆ ಕೆಲಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗಳ ಫೀಸು ಕಟ್ಟಿದ್ದು ಅದರಿಂದಲೇ. ಆದರೆ ನಾನು ಹೊಲಿದ ಅಷ್ಟು ಕಾಲರಿನಲ್ಲಿ ಒಂದೇ ಒಂದು ಯಾರ ಕತ್ತಿಗೆ ಕೂತಿತು ಅಂತ ನನಗೆ ಗೊತ್ತಿಲ್ಲ. ಇಲ್ಲಿ ಹಾಗಲ್ಲ. ರೈಡಿಗೆ ಹತ್ತುವಾಗ ಬಿಗಿದುಕೊಂಡಿದ್ದ ಮುಖ ಇಳಿಯುವಾಗ ಹೇಗಾಗಿದೆ ಅಂತ ಮೂರು ಅಡಿ ದೂರದಿಂದ ನೋಡುತ್ತೇನೆ. ದಿನವಿಡೀ.

ಬೆಳಿಗ್ಗೆ ಗೇಟ್ ತೆಗೆಯುವ ಮೊದಲು ರೈಡನ್ನು ಖಾಲಿ ಓಡಿಸುತ್ತಾರೆ. ಆಮೇಲೆ ಒಂದೊಂದು ಸೀಟಿನ ಲಾಕನ್ನೂ ಕೈಯಲ್ಲಿ ಎಳೆದು ನೋಡುತ್ತೇವೆ. ನಮ್ಮ ದೊಡ್ಡ ರೈಡ್‌ಗಳಿಗೆ 140 ಸೆಂಟಿಮೀಟರ್ ಎತ್ತರ ಬೇಕು, ಅಂದರೆ ಸುಮಾರು ನಾಲ್ಕು ಅಡಿ ಏಳು ಇಂಚು. ಜಗಳ ಜಾಸ್ತಿ ಆಗುವುದು ಇಲ್ಲಿಯೇ. "ದುಡ್ಡು ಕೊಟ್ಟು ಬಂದಿದ್ದೀವಿ, ಸ್ವಲ್ಪ ತಾನೆ ಕಡಿಮೆ" ಎಂದು ಒಬ್ಬ ತಂದೆ ನನ್ನನ್ನು ಅಷ್ಟು ಜನರ ಮುಂದೆ ಬೈದರು. ಮಗು ಅವರ ಷರ್ಟು ಹಿಡಿದುಕೊಂಡು ನೆಲ ನೋಡುತ್ತಿತ್ತು. ನನಗೆ ಬೈಗುಳಕ್ಕಿಂತ ಆ ಮಗುವಿನ ತಲೆ ತಗ್ಗಿದ್ದೇ ನೋವಾಯಿತು.

ಆ ಲಾಕ್ ಕೂರುವುದು ಭುಜ ಮತ್ತು ತೊಡೆಯ ಮೇಲೆ. ಮೈ ಚಿಕ್ಕದಿದ್ದರೆ ನಡುವೆ ಸಂದು ಉಳಿಯುತ್ತದೆ. ಸೀಟು ತಲೆಕೆಳಗಾದಾಗ ಆ ಸಂದಿನಲ್ಲಿ ಮಗು ಜಾರಬಹುದು. ಇಷ್ಟನ್ನು ನೂರು ಜನರ ಸಾಲಿನ ಮುಂದೆ ವಿವರಿಸಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಡಿಸೆಂಬರಿನಲ್ಲಿ ಕೊಪ್ಪಳದ ಕಡೆಯಿಂದ ಒಂದು ಸರ್ಕಾರಿ ಶಾಲೆಯ ಮಕ್ಕಳು ಪ್ರವಾಸ ಬಂದಿದ್ದರು. ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಮಕ್ಕಳು, ಕಣ್ಣೆಲ್ಲ ಕೆಂಪು. ಅವರಲ್ಲಿ ಒಬ್ಬ ಹುಡುಗ 138 ಸೆಂಟಿಮೀಟರ್ ಇದ್ದ. ಹಿಮ್ಮಡಿ ಎತ್ತಿ ನಿಂತ. ನಾನು ಮೆಲ್ಲಗೆ ಪಾದ ಮುಟ್ಟಿ ಕೆಳಗಿಳಿಸಿದೆ. "ಅಕ್ಕಾರ, ಎರಡ ಸೆಂಟಿಮೀಟರ್ ಅಲ್ರಿ" ಅಂದ. ಗೆಳೆಯರೆಲ್ಲ ಒಳಗೆ ಹೋದರು.

ಸುಮ್ನೆ "ಪಕ್ಕಕ್ಕೆ ನಿಲ್ಲಪ್ಪ" ಅನ್ನಲು ಮನಸ್ಸಾಗಲಿಲ್ಲ. ಹತ್ತಿರ ಕರೆದು, ನಿನ್ನ ಗೆಳೆಯರ ಚಪ್ಪಲಿ, ಟೋಪಿ, ಕನ್ನಡಕ ಎಲ್ಲ ನಿನ್ನ ಜವಾಬ್ದಾರಿ, ಒಂದೂ ತಪ್ಪಬಾರದು ಅಂದೆ. ಬೆಂಚಿನ ಮೇಲೆ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಇಟ್ಟ. ಕನ್ನಡಕಗಳನ್ನು ಟೋಪಿಯೊಳಗೆ ಇಟ್ಟು ಎದೆಗೆ ಅವಚಿಕೊಂಡ. ಎರಡನೇ ಸರದಿಗೆ ಅವನೇ ಗಟ್ಟಿಯಾಗಿ ಕೂಗಿದ: "ಕನ್ನಡಕ ತಗೀರಿ, ಕಿಸೆ ನೋಡ್ಕೋರಿ!" ಗೆಳೆಯರು ಇಳಿದು ಬಂದಾಗ ಯಾರದ್ದು ಯಾವುದು ಅಂತ ಕೇಳದೆಯೇ ಕೊಟ್ಟ. ಸಂಜೆ ಬಸ್ಸು ಹತ್ತುವ ಮೊದಲು ಮೇಷ್ಟರನ್ನು ಎಳೆದುಕೊಂಡು ನನ್ನ ಹತ್ತಿರ ಬಂದ. "ಮುಂದಿನ ವರ್ಸ ಎತ್ತರ ಆಗಿ ಬರ್ತೀನ್ರಿ. ನೀವು ಇಲ್ಲೇ ಇರ್ತೀರಲ್ರಿ?"

ಇರ್ತೀನಿ ಅಂದೆ. ಆ ಸಂಜೆ ಕಾಲು ನೋಯುತ್ತಿದ್ದದ್ದೂ ಗೊತ್ತಾಗಲಿಲ್ಲ.

ಕೆಲಸಕ್ಕೆ ಸೇರಿದಾಗ ಟ್ರೇನಿಂಗಿನಲ್ಲಿ ಒಂದು ವಿಷಯ ಹೇಳಿದ್ದರು. ಅಮೆರಿಕದಲ್ಲಿ 1955ರಲ್ಲಿ ಶುರುವಾದ ಡಿಸ್ನಿಲ್ಯಾಂಡ್ ಪಾರ್ಕಿನಲ್ಲಿ ದಾರಿ ತೋರಿಸುವಾಗ ಒಂದು ಬೆರಳು ಚಾಚುವುದಿಲ್ಲವಂತೆ. ಎರಡು ಬೆರಳು, ಇಲ್ಲವೇ ಇಡೀ ಕೈ. ನನಗೆ ಅದು ಹೊಸದು ಅನ್ನಿಸಲಿಲ್ಲ. ದೊಡ್ಡವರಿಗೆ ಬೆರಳು ತೋರಿಸಬಾರದು ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ದೂ ಅದೇ ಅಲ್ವಾ. ಮನೆಗೆ ಬಂದವರನ್ನು ನೋಡಿಕೊಳ್ಳುವುದು ನಮಗೆ ಗೊತ್ತಿರುವ ವಿದ್ಯೆಯೇ. ಅದಕ್ಕೆ ಸಂಬಳ ಬಂದ ಮಾತ್ರಕ್ಕೆ ಯಾಕೆ ಸಣ್ಣದಾಗಬೇಕು?

ರಜೆಯಲ್ಲಿ ಬರುವವರಿಗೆ ನನ್ನದೊಂದೆರಡು ಕೋರಿಕೆ. ನೀರಿನ ಆಟಕ್ಕೆ ಕಾಟನ್ ಬಟ್ಟೆ ಬೇಡ ಅಂದರೆ ಅದು ಬಟ್ಟೆ ಮಾರುವ ಉಪಾಯ ಅಂದುಕೊಳ್ಳಬೇಡಿ. ಕಾಟನ್ ನೀರು ಕುಡಿದು ಭಾರವಾಗುತ್ತದೆ, ಅದರ ನೂಲು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿರುವ ನೈಲಾನ್ ಬಟ್ಟೆಯನ್ನೇ ತನ್ನಿ. ಓಲೆ, ಸರ ಮನೆಯಲ್ಲೇ ಬಿಟ್ಟು ಬನ್ನಿ. ಅಲೆ ಕೊಳದಲ್ಲಿ ಓಲೆ ಕಳೆದುಕೊಂಡ ಒಬ್ಬ ಅಜ್ಜಿಗಾಗಿ ನಮ್ಮ ಕ್ಲೀನಿಂಗ್ ಹುಡುಗರು ಕತ್ತಲಾಗುವವರೆಗೂ ನೀರಲ್ಲಿ ತಡಕಾಡಿದ್ದಾರೆ. ಸಿಕ್ಕಿತು, ಆದರೆ ಪ್ರತಿ ಸಲ ಸಿಗುವುದಿಲ್ಲ.

ಇನ್ನೊಂದು ಮಾತು. ಹೊರಡುವ ಹಿಂದಿನ ದಿನ ಮಗುವನ್ನು ಗೋಡೆಗೆ ನಿಲ್ಲಿಸಿ, ಟೇಪು ಹಿಡಿದು ಎತ್ತರ ನೋಡಿ. ಕಡಿಮೆ ಇದ್ದರೆ ಮನೆಯಲ್ಲೇ ಹೇಳಿ, ಯಾವ ರೈಡ್ ಈ ವರ್ಷ, ಯಾವುದು ಮುಂದಿನ ವರ್ಷ ಅಂತ. ಸಾಲಿನಲ್ಲಿ ಒಂದು ಗಂಟೆ ಕಾದ ಮೇಲೆ ನನ್ನ ಬಾಯಿಂದ ಕೇಳುವುದಕ್ಕಿಂತ ಅಪ್ಪ ಅಮ್ಮನ ಬಾಯಿಂದ ಕೇಳಿದರೆ ಮಗುವಿಗೆ ಅಷ್ಟು ಬೇಜಾರಾಗುವುದಿಲ್ಲ.

ಇಂತಿ,
ಪಾರ್ಕಿನ ಒಬ್ಬ ಉದ್ಯೋಗಿ, ರಾಮನಗರ