ಮನೆಯ ರೌಟರ್‌ನಿಂದ ಹೊರಡುವ ಹೆಸರಿಲ್ಲದ ವೈಫೈ: ಗ್ರಾಹಕರಿಗೆ ಪತ್ರ

ಗಂಗಾವತಿ, ಕೊಪ್ಪಳ ಜಿಲ್ಲೆ

ವಿಷಯ: ಸಂಘ ಒದಗಿಸಿದ ರೌಟರ್‌ಗಳಲ್ಲಿ ಬಳಕೆಯಿಲ್ಲದ ಹಿಡನ್ ನೆಟ್‌ವರ್ಕ್‌ಗಳನ್ನು ನಿಲ್ಲಿಸುವ ಬಗ್ಗೆ

ಮಾನ್ಯ ಸದಸ್ಯರಿಗೂ ಗ್ರಾಹಕ ಬಂಧುಗಳಿಗೂ ನಮಸ್ಕಾರಗಳು.

ಗಂಗಾವತಿ, ಕಾರಟಗಿ ಹಾಗೂ ಸುತ್ತಲಿನ ಕ್ಯಾಂಪುಗಳಲ್ಲಿ ನಮ್ಮ ಸಹಕಾರ ಸಂಘದ ಫೈಬರ್ ಸಂಪರ್ಕ ಪಡೆದ ಮನೆಗಳಿಂದ ಕೆಲವು ತಿಂಗಳುಗಳಿಂದ ಒಂದೇ ಬಗೆಯ ದೂರು ಬರುತ್ತಿದೆ. ಲ್ಯಾಪ್‌ಟಾಪಿನಲ್ಲಿ ವೈಫೈ ಪಟ್ಟಿ ತೆರೆದರೆ ಮನೆಯ ನೆಟ್‌ವರ್ಕಿನ ಜೊತೆಗೆ ‘ಹಿಡನ್ ನೆಟ್‌ವರ್ಕ್’ ಎಂಬ ಸಾಲೊಂದು ತುಂಬು ಸಿಗ್ನಲ್‌ನೊಂದಿಗೆ ಕಾಣುತ್ತದೆ, ಅದನ್ನು ಇಟ್ಟವರು ಯಾರು, ಪಕ್ಕದ ಮನೆಯವರೇ, ಕಳ್ಳರೇ ಎಂಬುದು ಎಲ್ಲರ ಪ್ರಶ್ನೆ. ಪರಿಶೀಲಿಸಿದಾಗ ಬಹುತೇಕ ಮನೆಗಳಲ್ಲಿ ಅದನ್ನು ಇಟ್ಟವರು ನಾವೇ ಎಂದು ತಿಳಿದುಬಂದಿದೆ. ಹೊಸ ರೌಟರ್‌ಗಳನ್ನು ಜೋಡಿಸಿಕೊಡುವಾಗಲೇ ಈ ಮಾತನ್ನು ನಿಮಗೆ ಹೇಳಬೇಕಿತ್ತು. ಹೇಳದೆ ಇದ್ದುದಕ್ಕೆ ಸಂಘ ವಿಷಾದಿಸುತ್ತದೆ.

ಇದು ಹೇಗಾಯಿತೆಂದರೆ, ಈಗಿನ ರೌಟರ್ ಡಬ್ಬಿಯೊಂದು ಒಂದೇ ರೇಡಿಯೋದಿಂದ ಹಲವು ನೆಟ್‌ವರ್ಕ್‌ಗಳನ್ನು ಹೊರಡಿಸಬಲ್ಲದು. ನೀವು ಬಳಸುವುದು ಒಂದು. ಅತಿಥಿಗಳಿಗೆಂದು ಇಟ್ಟ ಗೆಸ್ಟ್ ನೆಟ್‌ವರ್ಕ್ ಇನ್ನೊಂದು. ಎರಡು ಡಬ್ಬಿಗಳಿರುವ ಮನೆಯಲ್ಲಿ ಅವು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಇಟ್ಟ ಮೆಶ್ ನೆಟ್‌ವರ್ಕ್ ಮತ್ತೊಂದು. ಈ ಕೊನೆಯದನ್ನು ಮನುಷ್ಯರು ಬಳಸಬೇಕಾಗಿಲ್ಲವಾದ್ದರಿಂದ ತಯಾರಕರು ಅದರ ಹೆಸರನ್ನು ಮರೆಮಾಡಿರುತ್ತಾರೆ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ ದಪ್ಪ ಕಲ್ಲಿನ ಗೋಡೆ ದಾಟಿ ಪಡಸಾಲೆಯ ಸಿಗ್ನಲ್ ಒಳಕೋಣೆಗೆ ಹೋಗದ ಕಾರಣ ಮೆಶ್ ಬೆಂಬಲವಿರುವ ರೌಟರ್‌ಗಳನ್ನೇ ನಾವು ಎಲ್ಲರಿಗೂ ತರಿಸಿದೆವು. ಎರಡನೆಯ ಡಬ್ಬಿ ಇಲ್ಲದ ಮನೆಗಳಲ್ಲೂ ಆ ಗುಪ್ತ ನೆಟ್‌ವರ್ಕ್ ಚಾಲೂ ಆಗಿಯೇ ಉಳಿಯಿತು.

ಹೆಸರಿಲ್ಲದಿದ್ದರೂ ಅದು ಸುಮ್ಮನಿರುವುದಿಲ್ಲ. ಪ್ರತಿಯೊಂದು ವೈಫೈ ನೆಟ್‌ವರ್ಕ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 10 ಸಲ, ‘ನಾನಿದ್ದೇನೆ’ ಎಂಬ ಬೀಕನ್ ಸಂಕೇತವನ್ನು ಕಳಿಸುತ್ತದೆ. ಹಿಡನ್ ಆದಾಗ ಆ ಸಂಕೇತದಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆಯೇ ಹೊರತು ಸಂಕೇತ ನಿಲ್ಲುವುದಿಲ್ಲ. 2.4 ಗಿಗಾಹರ್ಟ್ಸ್ ಎಂಬ ವೈಫೈ ತರಂಗಪಟ್ಟಿಯಲ್ಲಿ ಈ ಸಂಕೇತ ಬಹುಪಾಲು 1 ಎಂಬಿಪಿಎಸ್‌ನಷ್ಟು ನಿಧಾನ ವೇಗದಲ್ಲಿ ಹೋಗುವುದರಿಂದ, ಒಂದೊಂದು ನೆಟ್‌ವರ್ಕೂ ಚಾನೆಲ್‌ನ (ಅಕ್ಕಪಕ್ಕದವರೆಲ್ಲ ಹಂಚಿಕೊಳ್ಳುವ ರೇಡಿಯೋ ದಾರಿಯ) ಸಮಯದಲ್ಲಿ ನೂರಕ್ಕೆ ಎರಡು ಮೂರು ಪಾಲನ್ನು ಕೇವಲ ತನ್ನ ಇರವನ್ನು ಸಾರುವುದಕ್ಕೇ ತಿಂದುಬಿಡುತ್ತದೆ. ಒಂದು ಮನೆಗೆ ಇದು ಅಲ್ಪವೆನಿಸಬಹುದು, ಆದರೆ ಗೋಡೆಗೆ ಗೋಡೆ ಅಂಟಿದ ಓಣಿಯಲ್ಲಿ ಹತ್ತು ಮನೆಗಳು ಸೇರಿದರೆ ಅಲ್ಪವಲ್ಲ. ಭಯಕ್ಕಿಂತ ಈ ವ್ಯರ್ಥವೇ ನಮ್ಮ ನಿರ್ಧಾರಕ್ಕೆ ಹೆಚ್ಚಿನ ಕಾರಣ.

ಆದ್ದರಿಂದ ಮುಂದಿನ ತಿಂಗಳ ಮೊದಲ ವಾರದಿಂದ, ಒಂದೇ ಡಬ್ಬಿ ಇರುವ ಮನೆಗಳಲ್ಲಿ ಮೆಶ್‌ನ ಗುಪ್ತ ನೆಟ್‌ವರ್ಕನ್ನೂ, ಯಾರೂ ಬಳಸದ ಗೆಸ್ಟ್ ನೆಟ್‌ವರ್ಕನ್ನೂ, ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಅಥವಾ ಪಿನ್ ಸಂಖ್ಯೆ ಕೊಟ್ಟು ಸಾಧನ ಜೋಡಿಸುವ ಡಬ್ಲ್ಯೂಪಿಎಸ್ ಸೌಲಭ್ಯವನ್ನೂ ನಿಲ್ಲಿಸುತ್ತೇವೆ. ಡಬ್ಲ್ಯೂಪಿಎಸ್‌ನ ಪಿನ್ ವಿಧಾನದ ದೌರ್ಬಲ್ಯ 2011ರಲ್ಲೇ ಬಯಲಾಗಿದ್ದು, ಅದನ್ನು ಇಷ್ಟು ವರ್ಷ ಉಳಿಸಿಕೊಂಡಿದ್ದಕ್ಕೆ ಅನುಕೂಲವೊಂದೇ ನೆಪ. ಕೆಲಸ ರಾತ್ರಿ 2ರಿಂದ 4ರ ನಡುವೆ ಫೈಬರ್ ಲೈನಿನ ಮೂಲಕವೇ ನಡೆಯುತ್ತದೆ, ರೌಟರ್ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ. ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಬದಲಾಗುವುದಿಲ್ಲ. ಎರಡು ಡಬ್ಬಿಗಳಿರುವ ಮನೆಗಳಲ್ಲಿ ಗುಪ್ತ ನೆಟ್‌ವರ್ಕ್ ಉಳಿಯುತ್ತದೆ, ಏಕೆಂದರೆ ಅದನ್ನು ತೆಗೆದರೆ ಎರಡನೆಯ ಡಬ್ಬಿ ಕೆಲಸಕ್ಕೆ ಬಾರದು.

ತೊಂದರೆಯಾಗಬಹುದಾದ್ದು ಒಂದು ಕಡೆ. ರೈಸ್ ಮಿಲ್, ಗೊಬ್ಬರದ ಅಂಗಡಿ, ಮನೆಯ ಗೇಟು ಮೊದಲಾದ ಕಡೆ ಸಿಸಿ ಕ್ಯಾಮೆರಾಗಳನ್ನು ಅಳವಡಿಸಿದವರು ಕೆಲವೊಮ್ಮೆ ಅವನ್ನು ಗೆಸ್ಟ್ ನೆಟ್‌ವರ್ಕಿಗೆ ಜೋಡಿಸಿ ಹೋಗಿರುತ್ತಾರೆ, ಮಾಲೀಕರಿಗೆ ಅದು ಗೊತ್ತಿರುವುದಿಲ್ಲ. ಕಳೆದ 30 ದಿನಗಳಲ್ಲಿ ಗೆಸ್ಟ್ ನೆಟ್‌ವರ್ಕಿನಲ್ಲಿ ಒಂದಾದರೂ ಸಾಧನ ಕಂಡುಬಂದ ಮನೆಯಲ್ಲಿ ನಾವು ಅದನ್ನು ಮುಟ್ಟುವುದಿಲ್ಲ. ಆದರೂ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಮಾತ್ರ ಚಾಲೂ ಆಗುವ ಕ್ಯಾಮೆರಾ ಇದ್ದರೆ ದಯವಿಟ್ಟು ಮುಂಚಿತವಾಗಿ ತಿಳಿಸಿ. ಗುಂಡಿ ಒತ್ತಿ ಪ್ರಿಂಟರ್ ಜೋಡಿಸುತ್ತಿದ್ದವರು ಇನ್ನು ಪಾಸ್‌ವರ್ಡ್ ಟೈಪ್ ಮಾಡಬೇಕಾಗುತ್ತದೆ.

ಬದಲಾವಣೆಯ ನಂತರವೂ ಹಿಡನ್ ನೆಟ್‌ವರ್ಕ್ ಕಂಡರೆ ಅದು ಯಾರದೆಂದು ನೀವೇ ಪತ್ತೆಹಚ್ಚಬಹುದು. ರೌಟರ್ ಪ್ಲಗ್ ತೆಗೆದು, ಲ್ಯಾಪ್‌ಟಾಪಿನ ವೈಫೈಯನ್ನು ಒಮ್ಮೆ ಆಫ್ ಮಾಡಿ, ಎರಡು ನಿಮಿಷ ಕಾದು ಪಟ್ಟಿ ನೋಡಿ. ಕಾಯದಿದ್ದರೆ ಹಳೆಯ ಪಟ್ಟಿಯೇ ಸ್ವಲ್ಪ ಹೊತ್ತು ಉಳಿದು ದಾರಿ ತಪ್ಪಿಸುತ್ತದೆ. ಎರಡನೆಯ ಡಬ್ಬಿ ಇದ್ದರೆ ಅದನ್ನೂ ತೆಗೆಯಬೇಕು. ಇನ್ವರ್ಟರ್‌ಗೆ ಜೋಡಿಸಿದ್ದರೆ ಮೇನ್ ಸ್ವಿಚ್ ಇಳಿಸಿದರೂ ಅದು ಉರಿಯುತ್ತಲೇ ಇರುತ್ತದೆ. ಕಾರಟಗಿಯ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಮೂರು ಹಿಡನ್ ನೆಟ್‌ವರ್ಕ್‌ಗಳನ್ನು ಕಂಡು ಪಕ್ಕದವರೊಂದಿಗೆ ಮಾತು ಬಿಡುವ ಹಂತಕ್ಕೆ ಬಂದಿದ್ದರು. ನಮ್ಮ ಹುಡುಗ ಹೋಗಿ ಪ್ಲಗ್ ತೆಗೆದ ಮೇಲೆ ಎರಡು ಮಾಯವಾದವು, ಮೂರನೆಯದು ಅವರದೇ ಹೊಸ ಟಿವಿಯದಾಗಿತ್ತು. ರಿಮೋಟ್ ಮತ್ತು ಮೊಬೈಲ್‌ಗಳೊಡನೆ ನೇರವಾಗಿ ಜೋಡಿಕೊಳ್ಳಲು ಕೆಲವು ಟಿವಿ, ಪ್ರಿಂಟರ್‌ಗಳು ತಾವೇ ಸಣ್ಣ ನೆಟ್‌ವರ್ಕ್ ಹೊರಡಿಸುತ್ತವೆ. (ಓಣಿಯ ಕರೆಂಟ್ ಹೋದಾಗ ಪಟ್ಟಿ ನೋಡುವುದೂ ಒಳ್ಳೆಯ ಪರೀಕ್ಷೆಯೇ: ಉಳಿದವು ಇನ್ವರ್ಟರ್ ಇದ್ದವರದು.)

ಇನ್ನೂ ಖಚಿತವಾಗಬೇಕೆಂದರೆ ವೈಫೈ ಪರಿಶೀಲಿಸುವ ಯಾವುದಾದರೂ ಆಪ್‌ನಲ್ಲಿ ಹಿಡನ್ ನೆಟ್‌ವರ್ಕಿನ ವಿಳಾಸವನ್ನೂ ಚಾನೆಲನ್ನೂ ನೋಡಬೇಕು. ವಿಳಾಸವೆಂದರೆ ಎರಡೆರಡು ಅಕ್ಷರಗಳ ಆರು ಜೋಡಿ. ಡಬ್ಬಿಯ ಕೆಳಗಿನ ಚೀಟಿಯಲ್ಲಿ ಅಂಥದ್ದೇ ಒಂದು ಮುದ್ರಿತವಾಗಿರುತ್ತದೆ. ರೌಟರ್ ತನ್ನ ಹೆಚ್ಚುವರಿ ನೆಟ್‌ವರ್ಕ್‌ಗಳಿಗೆ ಆ ವಿಳಾಸವನ್ನೇ ತುಸು ತಿದ್ದಿ ಕೊಡುವುದರಿಂದ ಹೆಚ್ಚಿನ ಜೋಡಿಗಳು ಹೊಂದುತ್ತವೆ, ಮೊದಲನೆಯದು ಅಥವಾ ಕೊನೆಯದು ಮಾತ್ರ ಬೇರೆಯಾಗಿರುತ್ತದೆ. ಮೊದಲ ಜೋಡಿಯ ಎರಡನೆಯ ಅಕ್ಷರ 2, 6, ಎ (A) ಅಥವಾ ಇ (E) ಆಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಲ್ಲ, ಸಾಧನ ತಾನೇ ಕಟ್ಟಿಕೊಂಡದ್ದು. ಜೊತೆಗೆ, ಒಂದೇ ರೇಡಿಯೋದ ನೆಟ್‌ವರ್ಕ್‌ಗಳೆಲ್ಲ ಒಂದೇ ಚಾನೆಲ್‌ನಲ್ಲಿ ಇರಲೇಬೇಕು: ನಿಮ್ಮ ಚಾನೆಲನ್ನು 1ರಿಂದ 11ಕ್ಕೆ ಬದಲಿಸಿದಾಗ ಹಿಡನ್ ನೆಟ್‌ವರ್ಕೂ ಹಿಂದೆಯೇ ಬಂದರೆ ಅದು ನಿಮ್ಮ ಡಬ್ಬಿಯದೇ. ಈ ಎಲ್ಲ ಪರೀಕ್ಷೆಗಳ ನಂತರ ನಿಮ್ಮ ಡಬ್ಬಿಯದೇ ಎಂದು ಗೊತ್ತಾಗಿ, ಅದಕ್ಕೆ ಪಾಸ್‌ವರ್ಡಿನ ಬೀಗವೂ ಇಲ್ಲವೆಂದು ಕಂಡರೆ ಅದೇ ದಿನ ಕಚೇರಿಗೆ ತಿಳಿಸಿ. ಕಾಳಜಿ ಮಾಡಬೇಕಾದದ್ದು ಅದೊಂದೇ ಸಂದರ್ಭದಲ್ಲಿ.

ಸಂಘವು ಗುಪ್ತ ವೈಫೈ ಮೂಲಕ ಮನೆಯನ್ನು ಗಮನಿಸುತ್ತಿದೆಯೇ ಎಂದು ಕೆಲವರು ನೇರವಾಗಿಯೇ ಕೇಳಿದ್ದಾರೆ. ಇಲ್ಲ. ಆದರೆ ಫೈಬರ್ ಲೈನಿನ ಮೂಲಕ ರೌಟರಿನ ಸೆಟ್ಟಿಂಗ್‌ಗಳು, ಚಾನೆಲ್ ಹಾಗೂ ಜೋಡಿಕೊಂಡ ಸಾಧನಗಳ ಪಟ್ಟಿ ನಮಗೆ ಕಾಣುತ್ತವೆ ಎಂಬುದನ್ನೂ ಮುಚ್ಚಿಡುವುದಿಲ್ಲ. ದುರಸ್ತಿಗೆ ಅದು ಬೇಕು. ಸ್ವಂತ ರೌಟರ್ ಖರೀದಿಸಿ ಹಾಕಿಕೊಂಡವರ ಡಬ್ಬಿ ನಮಗೆ ಕಾಣುವುದೂ ಇಲ್ಲ, ಈ ಬದಲಾವಣೆ ಅವರಿಗೆ ಅನ್ವಯಿಸುವುದೂ ಇಲ್ಲ. ಅವರು ಡಬ್ಬಿಯ ಕೆಳಗೆ ಮುದ್ರಿಸಿದ ಸೆಟ್ಟಿಂಗ್ ಪುಟದ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ಗೆಸ್ಟ್ ಮತ್ತು ಮೆಶ್ ಆಯ್ಕೆಗಳನ್ನು ತಾವೇ ನೋಡಿಕೊಳ್ಳಬೇಕು.

ಕೊನೆಯದಾಗಿ, ‘ನಮ್ಮ ಮನೆಯ ವೈಫೈ ಹೆಸರನ್ನೂ ಮರೆಮಾಡಿಕೊಡಿ’ ಎಂಬ ಕೋರಿಕೆಯನ್ನು ಸಂಘ ಇನ್ನು ಮುಂದೆ ಸ್ವೀಕರಿಸುವುದಿಲ್ಲ. ಹೆಸರು ಮರೆಮಾಡಿದರೆ ಮನೆಯಲ್ಲಿ ರೌಟರ್ ಹೇಳದ ಹೆಸರನ್ನು ನಿಮ್ಮ ಮೊಬೈಲೇ ಕೂಗಿ ಹುಡುಕಬೇಕಾಗುತ್ತದೆ. ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗಲೂ ಅದು ಆ ಹೆಸರನ್ನು ಕೂಗುತ್ತಿರಬಹುದು. ಮನೆಗೆ ಭದ್ರತೆ ಕೊಡುವುದು ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಎಂಬ ವೈಫೈ ಬೀಗದ ವಿಧಾನ ಮತ್ತು ಉದ್ದವಾದ ಪಾಸ್‌ವರ್ಡ್. ಈಗಾಗಲೇ ಹೆಸರು ಮರೆಮಾಡಿಸಿಕೊಂಡವರು ಬಯಸಿದರೆ ಹಾಗೆಯೇ ಉಳಿಸಿಕೊಳ್ಳಬಹುದು, ತೆಗೆಸಬೇಕೆಂದರೆ ಶುಲ್ಕವಿಲ್ಲ.

ಎರಡು ಡಬ್ಬಿಗಳಿರುವ ಮನೆಗಳಿಗೆ, ಉಳಿಯಲಿರುವ ಗುಪ್ತ ನೆಟ್‌ವರ್ಕಿನ ವಿಳಾಸವನ್ನು ಬರೆದ ಚೀಟಿಯೊಂದನ್ನು ಈ ತಿಂಗಳ ಬಿಲ್ಲಿನ ಜೊತೆಗೆ ಲಗತ್ತಿಸಲಾಗಿದೆ. ಅದನ್ನು ಡಬ್ಬಿಯ ಮೇಲೆಯೇ ಅಂಟಿಸಿಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ